ಕಲ್ಲುಕೂಚದ ಮೇಲೆ ನಿಂತ ಜೀಪು

ರಾಮಮೂರ್ತಿಯ ಹೆಸರೆತ್ತಿದರೆ ಆವುಲಪ್ಪನಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಹೊಸೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಈ ರಾಮಮೂರ್ತಿ ಬೇರೆ ಯಾರೋ ಆಗಿದ್ದರೆ ಅವತ್ತೇ ಕೊರಳಪಟ್ಟಿ ಹಿಡಿದು ಇತ್ಯರ್ಥ ಮಾಡಿಕೊಂಡು ಬರುತ್ತಿದ್ದ. ಏನು ಮಾಡುವುದು, ಅವನು ಹೆಂಡತಿ ಅಂಜಮ್ಮನ ತಂಗಿಯ ಗಂಡ, ಷಡ್ಡಕ. ಷಡ್ಡಕನ ಕೊರಳಪಟ್ಟಿ ಹಿಡಿದರೆ ಮನೆಯಲ್ಲಿ ಮುದ್ದೆ ಬೇಯುವುದಿಲ್ಲ.

ಆದದ್ದು ಇಷ್ಟು. ಆವುಲಪ್ಪನದು ಡೆಂಕಣಿಕೋಟೆ ಆಚೆಗಿನ ಊರು. ಮೂರನೇ ಕ್ಲಾಸಿಗೆ ಸ್ಲೇಟು ಎಸೆದು ಬಂದವನು ಮೊದಲು ಲಾರಿಯಲ್ಲಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಆದ, ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹಳೇ ಜೀಪಿಗೆ ಯಜಮಾನನಾದ. ನಾಟ್ರಾಂಪಾಳ್ಯದಿಂದ ಮೇಲಕ್ಕೆ ಕಾಡಿನೊಳಗೆ ಒಂದು ಹಟ್ಟಿಯಿದೆ. ಪ್ರತಿ ಗುರುವಾರ ಅಲ್ಲಿನ ಹನ್ನೊಂದು ಹೆಂಗಸರನ್ನು, ಅವರ ಅವರೆ, ಹುಣಸೆ, ಹುರುಳಿ ಮೂಟೆಗಳನ್ನು ಡೆಂಕಣಿಕೋಟೆಯ ಸಂತೆಗೆ ಇಳಿಸುವುದು, ಹೊತ್ತು ಮುಳುಗುವ ಮೊದಲು ವಾಪಸು ಮುಟ್ಟಿಸುವುದು ಅವನ ಕೆಲಸ. ಹಟ್ಟಿಯ ದಾರಿಯಲ್ಲಿ ಒಂದು ಹಳ್ಳ, ಹಳ್ಳದ ನಡುವೆ ಆಮೆಯ ಬೆನ್ನಿನಂಥ ಒಂದು ಬಂಡೆ. ಪ್ರತಿ ಮಳೆಗಾಲಕ್ಕೂ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಬಂಡೆ ಮೇಲೇಳುತ್ತಿತ್ತು, ಜೀಪಿನ ಹೊಟ್ಟೆ ಅದಕ್ಕೆ ಉಜ್ಜುತ್ತಿತ್ತು. ಜೀಪನ್ನು ಮೂರು ಬೆರಳಷ್ಟು ಎತ್ತರಿಸಿದರೆ ಸಾಕು, ಬಂಡೆ ಬಂಡೆಯ ಪಾಡಿಗೆ, ಜೀಪು ಜೀಪಿನ ಪಾಡಿಗೆ ಎಂದುಕೊಂಡು ಷಡ್ಡಕನ ಗ್ಯಾರೇಜಿಗೆ ಬಿಟ್ಟ.

ರಾಮಮೂರ್ತಿ ಎತ್ತರಿಸಿ ಕೊಟ್ಟ, ಇಲ್ಲವೆನ್ನುವಂತಿಲ್ಲ. ಆದರೆ ಜೀಪಿನ ಭಾರ ಹೊರುವ ಕಮಾನು ಪಟ್ಟಿಯನ್ನು ಗಾಲಿಯ ಅಚ್ಚಿಗೆ ಸೇರಿಸಿ ಬಿಗಿಯುವ ಯು-ಬೋಲ್ಟುಗಳನ್ನು ಹಳೆಯವೇ ಹಾಕಿದ. ಹಾಕಿದ್ದಷ್ಟೇ ಅಲ್ಲ, ಆಳುದ್ದದ ಪೈಪು ಸಿಕ್ಕಿಸಿ ಇಬ್ಬರನ್ನು ನೇತಾಡಿಸಿ ಬಿಗಿಸಿದ. ಮೂರನೇ ಗುರುವಾರ, ಸಂಜೆ, ಸರಿಯಾಗಿ ಬಂಡೆಯ ಮೇಲೆ ಒಂದು ಬೋಲ್ಟು ಪಟ್ಟೆಂದು ತುಂಡಾಯಿತು. ಹನ್ನೊಂದು ಹೆಂಗಸರು ಸಾಮಾನು ತಲೆಯ ಮೇಲೆ ಹೊತ್ತು ನಾಲ್ಕು ಮೈಲಿ ನಡೆದರು. ದಾರಿಯಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು.

ಕೇಳಲು ಹೋದರೆ ರಾಮಮೂರ್ತಿ ಆಳುಗಳ ಎದುರಿಗೇ ನಕ್ಕ. “ಅಣ್ಣಾ, ಜೀಪು ಓಡ್ಸೋದು ಎತ್ತಿನ ಗಾಡಿ ಹೊಡ್ದಂಗಲ್ಲ. ಮೂರ್ನೇ ಕ್ಲಾಸ್ ಓದ್ದೋರ್ಗೆ ಸಸ್ಪೆನ್ಷನ್ನು ಅಂದ್ರೆ ಎಂಗೆ ಗೊತ್ತಾಯ್ತದೆ? ನೀನು ಹತ್ಸಿದ್ದೇ ಸರಿ ಇಲ್ಲ.”

ಆಳುಗಳೂ ನಕ್ಕರು. ಅದರಲ್ಲೊಬ್ಬನಿಗೆ ಆವುಲಪ್ಪನೇ ಒಂದು ಕಾಲದಲ್ಲಿ ಗೇರು ಹಾಕುವುದು ಕಲಿಸಿದ್ದ.

ಹಟ್ಟಿಯ ಹೆಂಗಸರ ಪೈಕಿ ಮಾತಾಡುವವಳು ಚಂದ್ರಲೇಖಾ. ಅವಳು ನಗಲಿಲ್ಲ, ಬೈಯಲೂ ಇಲ್ಲ. “ನಿನ್ ಮ್ಯಾಲೆ ಕ್ವಾಪ ಇಲ್ಲ ಆವುಲಣ್ಣಾ. ಆದ್ರೆ ಆನೆ ಓಡಾಡೋ ಹೊತ್ನಲ್ಲಿ ಇನ್ನೊಂದ್ಸಲ ನಡಿಯಕ್ಕೆ ನಮ್ ಕೈಲಾಗಲ್ಲ. ಎರಡು ಗುರುವಾರ ನಾವೇ ಎಂಗೋ ಸುಧಾರಿಸ್ಕತೀವಿ. ಮೂರ್ನೇ ಗುರುವಾರ ನಿನ್ ಜೀಪು ಬಂಡೆ ದಾಟಿ ಬಂದ್ರೆ ಹತ್ತೀವಿ. ಇಲ್ಲಾಂದ್ರೆ ಟ್ರಾಕ್ಟರಿನೋರ್ಗೆ ಹೇಳ್ಬುಡ್ತೀವಿ” ಎಂದಳು.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಗುರುವಾರದ ಟ್ರಿಪ್ಪು ಹೋದರೆ ಜೀಪು ಹೋದಂತೆ, ಜೀಪು ಹೋದರೆ ಐವತ್ತೊಂದನೇ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿಗೆ ಸಲಾಮು ಹೊಡೆದಂತೆ. ಸದ್ಯಕ್ಕೆ ಒಂದು ಬೋಲ್ಟು ಸಿಕ್ಕಿಸಿ ಕುಂಟುತ್ತಾ ಜೀಪನ್ನು ಮನೆ ಅಂಗಳಕ್ಕೆ ತಂದು ನಿಲ್ಲಿಸಿದ.

“ಮನೇಲೇ ಎತ್ತರಿಸ್ತೀನಿ” ಎಂದ.

“ಯಾರು ಎತ್ತರ್ಸೋರು?” ಎಂದಳು ಅಂಜಮ್ಮ. ಸೋದರಮಾವನನ್ನೇ ಕಟ್ಟಿಕೊಂಡವಳು, ಮದುವೆಗೆ ಮುಂಚಿನಿಂದಲೂ ಅವನನ್ನು ಮಾವ ಎಂದೇ ಕರೆಯುವವಳು.

“ಈ ಕೈಯಿ.”

“ಹೋದ್ವರ್ಸ ಮಿಕ್ಸಿ ರಿಪೇರಿ ಮಾಡಿದ್ದೂ ಇದೇ ಕೈಯಿ ಅಲ್ವಾ ಮಾವ? ಅವತ್ತಿಂದ ನಾನು ಒಳಕಲ್ಲಲ್ಲೇ ರುಬ್ತಾ ಇವ್ನಿ.”

ಆವುಲಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ದಿನ ಫೋನಿನಲ್ಲಿ ವಿಡಿಯೋ ನೋಡಿದ. ಯಾವುದೋ ದೇಶದವರು, ಅರ್ಥವಾಗದ ಮಾತು. ಸದ್ದು ನಿಲ್ಲಿಸಿ ಕೈಗಳನ್ನು ಮಾತ್ರ ನೋಡಿದ. ಕೈಗೆ ಎಲ್ಲ ದೇಶದಲ್ಲೂ ಒಂದೇ ಭಾಷೆ. ಕಂಡ ಒಂದೊಂದು ಸಾಮಾನನ್ನೂ ಇದ್ದಿಲಿನಲ್ಲಿ ಕೊಟ್ಟಿಗೆಯ ಗೋಡೆಯ ಮೇಲೆ ಚಿತ್ರ ಬರೆದ. ಹೆಸರು ಬರೆಯುವುದಕ್ಕಿಂತ ಅದೇ ಅವನಿಗೆ ಸಲೀಸು. ಬಳಿಕ ತನ್ನ ಹತ್ತಿರ ಇದ್ದುದನ್ನೆಲ್ಲ ಗೋಣಿಯ ಮೇಲೆ ಹರಡಿ ಗೋಡೆಗೆ ತಾಳೆ ನೋಡಿದ. ಜಾಕಿ ಒಂದಿದೆ, ಎರಡು ಬೇಕು: ಒಂದು ಅಚ್ಚನ್ನು ಹಿಡಿದುಕೊಳ್ಳಲು, ಇನ್ನೊಂದು ಜೀಪಿನ ಅಡಿಕಟ್ಟಾದ ಚಾಸಿ ಎತ್ತಲು. ಪಾನಾ ನಾಲ್ಕಿವೆ, ನಾಲ್ಕೂ ಬಾಯಿ ತೆರೆದಂಥವು. ತುಕ್ಕು ಹಿಡಿದ ನಟ್ಟಿಗೆ ಅವನ್ನು ಹಾಕಿದರೆ ಜಾರಿ ನಟ್ಟಿನ ಮೂಲೆಯೆಲ್ಲ ಸವೆದು ಗುಂಡಗಾಗುತ್ತದೆ. ಆರು ಮೂಲೆಯ ಸಾಕೆಟ್ಟು ಬೇಕು, ಉದ್ದ ಕೈಯ ರಾಡು ಬೇಕು. ಸುತ್ತಿಗೆ, ಹಾರೆ ಇವೆ. ತುಕ್ಕು ಬಿಡಿಸಲು ಅವತ್ತಿನಿಂದಲೇ ನಟ್ಟುಗಳಿಗೆಲ್ಲ ಬೆಳಿಗ್ಗೆ ಸಂಜೆ ಡೀಸೆಲ್ ಕುಡಿಸತೊಡಗಿದ. ಹೊಸ ಕಮಾನು ಪಟ್ಟಿ, ಉದ್ದನೆಯ ಯು-ಬೋಲ್ಟು, ಶಾಕ್ ಅಬ್ಸರ್ಬರುಗಳನ್ನು ಕೃಷ್ಣಗಿರಿಯಿಂದ ತಂದಾಗಿತ್ತು. ಗೋಡೆಯ ಫೋಟೋ ಹೊಡೆದುಕೊಂಡು, ಅಂಜಮ್ಮನನ್ನೂ ಕರೆದುಕೊಂಡು ಹೊಸೂರಿನ ಬಸ್ಸು ಹತ್ತಿದ.

ಸಾಮಾನಿನ ಅಂಗಡಿಯಲ್ಲಿ ಕೂತಿದ್ದವಳು ದಿವ್ಯ ಎಂಬ ಹುಡುಗಿ, ಅಂಗಡಿಯವರ ಮಗಳು. “ಎನ್ನ ವೇಣುಂಗಣ್ಣಾ?” ಎಂದು, ಏನು ಬೇಕೆಂದು ತಮಿಳಿನಲ್ಲಿ ಕೇಳಲು ಶುರುಮಾಡಿದವಳು ಅವನ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು. ಬೋಲ್ಟು ತುಂಡಾದ ಕಥೆಯನ್ನೆಲ್ಲ ಕೇಳಿಕೊಂಡು, ಫೋನಿನ ಚಿತ್ರವನ್ನು ಹಿಗ್ಗಿಸಿ ನೋಡಿ, “ಇದೇನಣ್ಣಾ, ಮೊಸಳೆ?” ಎಂದಳು.

“ಮೊಸಳೆ ಅಲ್ಲಮ್ಮ, ಪಟ್ಟಿ ಕಚ್ಚಿ ಹಿಡಿಯೋ ಕ್ಲ್ಯಾಂಪು.”

“ಕಚ್ಚೋದಂತೂ ನಿಜ ಬಿಡಿ” ಎಂದು ಎರಡು ಕ್ಲ್ಯಾಂಪು ತೆಗೆದಿಟ್ಟಳು. ಸಾಕೆಟ್ಟು, ರಾಡು, ತಂತಿ ಬ್ರಷ್ಷು, ಇನ್ನೊಂದು ಜಾಕಿ ಒಂದೊಂದೇ ಮೇಜಿನ ಮೇಲೆ ಬಂದವು. ಕೊನೆಗೆ ಅವಳು ಗಡಿಯಾರದಂತೆ ಅಂಕಿಯಿದ್ದ ಉದ್ದನೆಯ ಒಂದು ಪಾನಾ ಹೊರಗೆಳೆದಳು. “ಯು-ಬೋಲ್ಟ್ ಹಾಕ್ತೀರಿ ಅಂದ್ರೆ ಟಾರ್ಕ್ ರೆಂಚು ಇಲ್ದೆ ಆಗಲ್ಲ ಅಣ್ಣಾ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ತಿರುಗಿಸಿ ಇಟ್ಕೊಂಡ್ರೆ, ಅಷ್ಟು ಬಿಗಿ ಆದ್ಕೂಡ್ಲೆ ಟಿಕ್ ಅನ್ನುತ್ತೆ. ಅದು ಟಿಕ್ ಅಂದ್ಮೇಲೆ ನೀವು ಸುಮ್ಮನಾಗ್ಬೇಕು.”

“ನಟ್ಟು ಬಿಗಿಯಕ್ಕೂ ತಕ್ಕಡಿನಾ? ನನ್ ಕೈಗೆ ಗೊತ್ತಾಗಲ್ವಾ?”

“ಆ ಗ್ಯಾರೇಜಿನೋರೂ ಕೈ ಲೆಕ್ಕದಲ್ಲೇ ಬಿಗ್ಸಿದ್ದು ಅಂದ್ರಲ್ಲಣ್ಣಾ.”

ಅಂಜಮ್ಮ ರೆಂಚನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಸಾಕು ಅಂದಾಗ ಟಿಕ್ ಅಂತದಾ? ಮಾವ, ಇಂಥದೊಂದು ನಿನ್ ತಲೆಗೂ ಸಿಕ್ಕಿಸ್ಬೇಕಿತ್ತು” ಎಂದಳು. ದಿವ್ಯ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ರೆಂಚು ಚೀಲಕ್ಕೆ ಸೇರಿತು.

“ಸ್ಟ್ಯಾಂಡು ಎಷ್ಟಣ್ಣಾ? ನಾಲ್ಕು ಕೊಡ್ಲಾ?” ಎಂದು ದಿವ್ಯ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡುಗಳ ಕಡೆ ಕೈ ತೋರಿಸಿದಳು. ಜಾಕಿಯಿಂದ ಎತ್ತಿದ ಗಾಡಿಯನ್ನು ಅವುಗಳ ಮೇಲೆ ಕೂರಿಸಿಯೇ ಕೆಳಗೆ ನುಗ್ಗಬೇಕು. ಅಷ್ಟರಲ್ಲಿ ಆವುಲಪ್ಪನ ಕಣ್ಣು ಪಕ್ಕದ ಗಾಜಿನ ಕಪಾಟಿಗೆ ಬಿದ್ದಿತ್ತು. ಕೆಂಪು ಪೆಟ್ಟಿಗೆ, ಒಳಗೆ ನೂರೆಂಟು ಥರದ ಪಾನಾ, ಸಾಕೆಟ್ಟು, ಬೆಳ್ಳಿಯಂತೆ ಪಳಪಳ. ಅದರಲ್ಲಿ ಜೀಪಿಗೆ ಬೇಕಾದ ಅಳತೆ ಎರಡೋ ಮೂರೋ. ಅದೂ ಅವನಿಗೆ ಗೊತ್ತಿತ್ತು. ಆದರೆ ಆ ಪೆಟ್ಟಿಗೆಯನ್ನು ರಾಮಮೂರ್ತಿಯ ಎದುರಿಗೆ ತೆರೆದಂತೆ, ರಾಮಮೂರ್ತಿಯ ಮುಖ ಇಷ್ಟೇ ಇಷ್ಟು ಸಣ್ಣದಾದಂತೆ ಕಣ್ಣಿಗೆ ಕಟ್ಟಿತು. ಎರಡನ್ನೂ ಕೊಳ್ಳುವಷ್ಟು ಜೇಬು ಗಟ್ಟಿಯಿರಲಿಲ್ಲ.

“ಸ್ಟ್ಯಾಂಡು ಬ್ಯಾಡಮ್ಮ. ನಮ್ಮೂರಲ್ಲಿ ಕಲ್ಲಿಗೇನು ಬರವಾ?” ಎಂದು ಕೆಂಪು ಪೆಟ್ಟಿಗೆ ಎತ್ತಿಕೊಂಡ.

ಕಲ್ಲಿಗೆ ಬರವಿಲ್ಲದ್ದು ನಿಜ. ಆ ಸೀಮೆಯಲ್ಲಿ ಮನೆಯ ಚಾವಣಿ ಕಲ್ಲು, ದನದ ಗೋದಲಿ ಕಲ್ಲು, ಬೇಲಿಗೆ ನೆಡುವ ಕಂಬವೂ ಕಲ್ಲುಕೂಚ. ಹೋದ ವರ್ಷ ಆನೆ ಬಂದು ಅವನ ರಾಗಿ ಹೊಲದ ಬೇಲಿಯ ಕೂಚಗಳನ್ನು ಸಾಲಾಗಿ ಮಲಗಿಸಿ ಹೋಗಿತ್ತು. ಅದರಲ್ಲಿ ಮೊಣಕಾಲೆತ್ತರದ ನಾಲ್ಕು ತುಂಡು ಆರಿಸಿ ತಂದು, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿದ. ಚಚ್ಚೌಕ, ದಪ್ಪ, ಒಂದೊಂದನ್ನು ಹೊರಳಿಸಲಿಕ್ಕೇ ಎದೆ ನೋಯುವಷ್ಟು ಭಾರ. ಇದರ ಮೇಲೆ ಜೀಪೇನು, ಲಾರಿ ನಿಲ್ಲಿಸಬಹುದು ಎಂದುಕೊಂಡ.

ಆ ಹೊತ್ತಿಗೆ ಮುನಿವೆಂಕಟಪ್ಪ ಆ ದಾರಿಯಲ್ಲಿ ಬಂದ. ಎಪ್ಪತ್ತು ದಾಟಿದವನು, ಹದಿನಾರನೇ ವಯಸ್ಸಿನಿಂದ ಬಂಡೆ ಸೀಳಿದವನು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಗೇಣುದ್ದದ ಸುತ್ತಿಗೆಯೊಂದು ಅವನ ಕೈಚೀಲದಲ್ಲಿ ಇದ್ದೇ ಇರುತ್ತಿತ್ತು, ಕೆಲವರಿಗೆ ನಶ್ಯದ ಡಬ್ಬಿ ಇರುವ ಹಾಗೆ. ಅಂಗಳಕ್ಕೆ ಬಂದವನು ಯಾರನ್ನೂ ಕೇಳದೆ ಬಗ್ಗಿ, ಒಂದೊಂದೇ ಕೂಚವನ್ನು ಸುತ್ತಿಗೆಯಿಂದ ತಟ್ಟಿದ. ಮೊದಲನೆಯದು ಣಂಗ್ ಎಂದಿತು. ಎರಡನೆಯದು, ಮೂರನೆಯದೂ ಹಾಗೇ. ನಾಲ್ಕನೆಯದು ದಬ್ ಎಂದಿತು.

“ಲಾ ಆವುಲ, ಇದ್ನ ಬಿಸಾಕು. ಆನೆ ನೂಕಿರೋ ಕಲ್ಲು ಕಣ್ಲಾ ಇವು. ಮ್ಯಾಲೆ ಗಾಯ ಕಾಣಾಕಿಲ್ಲ, ಹೊಟ್ಟೆ ಒಳಗೆ ಬಿರುಕು ಬಿಟ್ಟಿರ್ತದೆ. ಮಿಕ್ಕ ಮೂರನ್ನೂ ನಾನಾಗಿದ್ರೆ ನಂಬ್ತಿರ್ಲಿಲ್ಲ. ಮರ ಮುರಿಯೋಕ್ ಮುಂಚೆ ಕಿರ್ರಂತದೆ, ಕಬ್ಬಿಣ ಬಗ್ತದೆ. ಕಲ್ಲು ಮಾತ್ರ ಯಾರ್ಗೂ ಹೇಳ್ದೇನೆ ಹೋಗ್ಬುಡ್ತದೆ.”

ಆವುಲಪ್ಪನಿಗೆ ಆಗಲೇ ಒಂದು ನಟ್ಟು ಜಾರಿ ಗೆಣ್ಣಿನ ಚರ್ಮ ಕಿತ್ತುಹೋಗಿತ್ತು. ರಾಮಮೂರ್ತಿಯ ನಗು ತಲೆಯಲ್ಲೇ ಕೂತಿತ್ತು. ಈಗ ಇನ್ನೊಬ್ಬ ಬುದ್ಧಿ ಹೇಳಲು ಬಂದ. “ಎದುರ್ಗಿರೋ ಮನುಷ್ರೇ ನಿಂಗೆ ಸರಿಯಾಗಿ ಕಾಣಲ್ಲ, ಕಲ್ಲಿನ ಹೊಟ್ಟೆ ಒಳಗಿಂದು ಕಾಣ್ತದಾ? ಹೋಗಣ್ಣೋ ನಿನ್ ದಾರಿ ನೋಡ್ಕಂಡು!” ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ನೀನು ತಟ್ಟಿ ನೋಡಿ ಸರಿಯಾಗೈತೆ ಅಂದ ಬಂಡೆನೇ ಅಲ್ವಾ ನಿನ್ ಮಗನ ಕಾಲು ತಗೊಂಡಿದ್ದು?”

ಅಂಜಮ್ಮನ ಕೈಯಲ್ಲಿದ್ದ ಡೀಸೆಲ್ ಡಬ್ಬಿ ಹಾಗೇ ನಿಂತಿತು. ಆ ಊರಿನಲ್ಲಿ ಆ ಮಾತನ್ನು ಹನ್ನೆರಡು ವರ್ಷದಿಂದ ಯಾರೂ ಆಡಿರಲಿಲ್ಲ. ಮುನಿವೆಂಕಟಪ್ಪನ ಮಗ ರವಿಕುಮಾರ್ ಕ್ವಾರಿಯಲ್ಲಿ ಅಪ್ಪನ ಜೊತೆ ಕೆಲಸ ಮಾಡುವಾಗ ಬಂಡೆ ಜಾರಿ ಎಡಗಾಲು ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಯಾರೂ ಆಡುತ್ತಿರಲಿಲ್ಲ.

ಮುದುಕ ಸುತ್ತಿಗೆಯನ್ನು ಜಗಲಿಯ ಚಪ್ಪಡಿಯ ಮೇಲೆ ಇಟ್ಟ. ಆ ಕಡೆ ಕಬ್ಬಿಣವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಜಗಳ ಹತ್ತುತ್ತದೆಂದು ಕೆಳಗಿಡುತ್ತಾರೆ. ಬೇಕಾದವನು ತಾನೇ ಎತ್ತಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ತಾನೇ ಹೋಗಿ ಕೊಟ್ಟವನ ಹೊಸ್ತಿಲ ಮೇಲೆ ಇಟ್ಟು ಬರಬೇಕು, ಇನ್ನೊಬ್ಬರ ಕೈಲಿ ಕಳಿಸುವಂತಿಲ್ಲ. “ನೀನೇ ತಟ್ಟಿ ನೋಡು” ಎಂದಷ್ಟೇ ಹೇಳಿ ಮುನಿವೆಂಕಟಪ್ಪ ಹೊರಟುಹೋದ.

ಆವುಲಪ್ಪ ತಟ್ಟಲಿಲ್ಲ. ಹಟ ಹಿಡಿದ ಹಾಗೆ ಕೆಲಸಕ್ಕೆ ಬಿದ್ದ. ಮುಂದಿನ ಗಾಲಿಗಳಿಗೆ ಅಡ್ಡ ಕೊಟ್ಟು, ಹಿಂದುಗಡೆ ಜಾಕಿ ಎತ್ತಿ, ಚಾಸಿಯ ಎರಡೂ ಬದಿಗೆ ಕೂಚ ನಿಲ್ಲಿಸಿ ಜೀಪನ್ನು ಕೂರಿಸಿದ. ಬಲಗಡೆಗೆ ಸಿಕ್ಕಿದ್ದು ಆ ನಾಲ್ಕನೆಯ ಕಲ್ಲೇ. ಬೇಕೆಂದೇ ಅದನ್ನು ಇಟ್ಟನೋ, ಕೈಗೆ ಸಿಕ್ಕಿದ್ದನ್ನು ಇಟ್ಟನೋ, ಅವನಿಗೇ ಗೊತ್ತಿಲ್ಲ. ಹಿಂದಿನ ಗಾಲಿ ಬಿಚ್ಚಿದ. ಜಾಕಿಯನ್ನು ಎಳೆದು ಅಚ್ಚಿನ ಕೆಳಗೆ ಕೊಟ್ಟ. ಬೆನ್ನ ಮೇಲೆ ಮಲಗಿ ಒಳಗೆ ನುಗ್ಗಿ ಹತ್ತು ನಿಮಿಷ ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಲ್ಲಿ ಬಡಿದ. ಒಂದೊಂದು ಪೆಟ್ಟಿಗೂ ಜೀಪು ಅದುರುತ್ತಿತ್ತು.

“ಮಾವ, ಈಚೆ ಬಾ” ಎಂದಳು ಅಂಜಮ್ಮ.

“ಇಪ್ಪತ್ನಾಲ್ಕರ ಸಾಕೆಟ್ ಕೊಡು.”

“ಕೊಡಾಕಿಲ್ಲ. ನಾಲ್ಕು ಕಾಸಿನ ಮಡಕೆ ತಗಳಾಕೂ ನಾವು ತಟ್ಟಿ ನೋಡ್ತೀವಿ. ಎದೆ ಮ್ಯಾಲೆ ಜೀಪು ನಿಲ್ಸ್ಕಳೋ ಕಲ್ಲು ತಟ್ದೇನೆ ಮಲಗಿದೀಯಲ್ಲ, ನಿಂಗೇನು ಬುದ್ಧಿ ಐತಾ? ಸಾಕೆಟ್ ಬೇಕಾದ್ರೆ ಈಚೆ ಬಂದು ತಗೋ.”

ಆವುಲಪ್ಪ ಕೆರಳಿ ಹೊರಗೆ ತೆವಳಿ ಬಂದ. “ತಟ್ಟಬೇಕಾ? ತಟ್ತೀನಿ ನೋಡು!” ಎಂದು ಜಗಲಿಯ ಮೇಲಿದ್ದ ಮುದುಕನ ಸುತ್ತಿಗೆಯನ್ನು ಎತ್ತಿಕೊಂಡು, ಜೀಪಿನ ಪಕ್ಕದಲ್ಲಿ ಮಂಡಿಯೂರಿ ಬಲಗಡೆಯ ಕೂಚಕ್ಕೆ ಒಂದು ಕೊಟ್ಟ. ದಬ್. ಸಿಟ್ಟಿನಲ್ಲಿ ಇನ್ನೊಂದು ಕೊಟ್ಟ.

ಕಲ್ಲು ಸದ್ದೇ ಮಾಡದೆ ಮೇಲಿನಿಂದ ಕೆಳಗಿನವರೆಗೆ ಸೀಳಿ ಎರಡಾಗಿ ಬಿಚ್ಚಿಕೊಂಡಿತು. ಸದ್ದು ಮಾಡಿದ್ದು ಜೀಪು. ಜಾಕಿ ಪಕ್ಕಕ್ಕೆ ಸಿಡಿಯಿತು, ಬಲ ಮೂಲೆ ಒಂದೇ ಸಲ ಕುಸಿದು, ಗಾಲಿಯಿಲ್ಲದ ಬ್ರೇಕ್ ಡ್ರಮ್ಮು ನೆಲಕ್ಕೆ ಹೂತುಕೊಂಡಿತು. ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಧೂಳು ಇಳಿದಾಗ, ಅವನು ಈಗಷ್ಟೇ ಮಲಗಿದ್ದ ಗೋಣಿಚೀಲ ಜೀಪಿನ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡಿತ್ತು. ಎಳೆದರೂ ಬರಲಿಲ್ಲ.

ಅಂಜಮ್ಮ ಅಳಲಿಲ್ಲ. ಸಾಕೆಟ್ಟನ್ನು ಅವನ ಮುಂದೆ ನೆಲದ ಮೇಲಿಟ್ಟು, “ತಗೋ, ಕೇಳ್ದಲ್ಲ” ಎಂದು ಒಳಗೆ ಹೋದಳು. ಅವತ್ತು ರಾತ್ರಿ ಮುದ್ದೆ ತಟ್ಟೆಗೆ ಹಾಕಿಟ್ಟು, ಅವನನ್ನು ಕರೆಯದೆ ಮಲಗಿದಳು.

ಇನ್ನೊಬ್ಬನಾಗಿದ್ದರೆ ಮರುದಿನ ಯಾವುದಾದರೂ ಗ್ಯಾರೇಜಿನ ಬಾಗಿಲು ತಟ್ಟುತ್ತಿದ್ದ. ಆವುಲಪ್ಪ ಕೆಂಪು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಮತ್ತೆ ದಿವ್ಯಳ ಅಂಗಡಿಗೆ ಹೋದ. ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ರಾಮಮೂರ್ತಿ ಬಂದ ದಿನ ಅವನೆದುರಿಗೇ ತೆಗೆಯಬೇಕೆಂದು ಹಾಗೇ ಇಟ್ಟಿದ್ದ.

“ಮಾರಿದ ಸಾಮಾನು ವಾಪಸ್ ತಗೊಳಲ್ಲ ಅಣ್ಣಾ, ಬೋರ್ಡು ಹಾಕಿದೀವಲ್ಲ” ಎಂದಳು ದಿವ್ಯ.

ಬಂದ ಸಿಟ್ಟನ್ನು ನುಂಗಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಳಿಸಿದ. “ತಾಯೀ” ಎಂದ ಆವುಲಪ್ಪ, ಹಾಗೆ ಅವನು ಯಾರನ್ನೂ ಕರೆದವನಲ್ಲ. “ನೀನು ಸ್ಟ್ಯಾಂಡು ತಗೋ ಅಂದೆ, ನಾನು ಧಿಮಾಕಿಗೆ ಇದ್ನ ತಗೊಂಡೆ. ಕಲ್ಲು ಹೋಯ್ತು. ನಾನು ಉಳ್ಕೊಂಡಿದ್ದೇ ಹೆಚ್ಚು.”

ದಿವ್ಯ ಅವನ ಮುಖವನ್ನೂ ಕಿತ್ತುಹೋದ ಗೆಣ್ಣನ್ನೂ ನೋಡಿದಳು. ಒಳಗೆ ಅಪ್ಪನನ್ನು ಕೇಳಿ ಬಂದು ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸಿ, ನಾಲ್ಕು ಸ್ಟ್ಯಾಂಡು ಎಣಿಸಿ ಕೊಟ್ಟಳು. “ಮಣ್ಣಿನ ಮೇಲೆ ಸುಮ್ನೆ ಇಡ್ಬೇಡಿ, ಹೂತೋಗುತ್ತೆ. ಕೆಳಗೆ ಅಗಲವಾಗಿ ಮರದ ಹಲಗೆ ಹಾಕಿ. ಬಿಚ್ಚಿದ ಗಾಲಿನೂ ಚಾಸಿ ಕೆಳಗೇ ಮಲಗಿಸಿ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅದು ತಡ್ಕೊಳುತ್ತೆ” ಎಂದು ಹೇಳಿಯೂ ಕಳಿಸಿದಳು.

ಹಲಗೆ ಹಾಕಿದ. ಗಾಲಿ ಮಲಗಿಸಿದ. ಒಳಗೆ ನುಗ್ಗುವ ಮುಂಚೆ ಪ್ರತಿ ಸಲವೂ ಜೀಪನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದ. ದಿನಗಟ್ಟಲೆ ಡೀಸೆಲ್ ಕುಡಿದ ಹಿಂದಿನ ಬೋಲ್ಟುಗಳು ಬಿಟ್ಟುಕೊಟ್ಟವು, ಮುಂದಿನ ಎರಡು ಬಿಡಲಿಲ್ಲ. ಗರಗಸ ಹಿಡಿದು ಅರ್ಧ ದಿನ ಕೊಯ್ದ. ಹೊಸ ಪಟ್ಟಿ ಕೂರಿಸುವಾಗ ಅಂಜಮ್ಮ ಹಾರೆ ಮೀಟಿ ಹಿಡಿದಳು, ಅವನು ಒಳಗಿಂದ ಬೋಲ್ಟು ಪೋಣಿಸಿದ. ಬೈಗುಳ ಎರಡೂ ಕಡೆಯಿಂದ ಧಾರಾಳವಾಗಿ ಹರಿಯಿತು, ಹಾಗಾಗಿ ಮನೆ ಮೊದಲಿನಂತಾಯಿತು. ಬ್ರೇಕಿನ ಪೈಪು ಹೊಸ ಎತ್ತರಕ್ಕೆ ಎಟಕುತ್ತದೋ ಇಲ್ಲವೋ ಎಂದು ಅವಳೇ ಕೇಳಿದಳು. ಎಟಕುತ್ತಿರಲಿಲ್ಲ, ಉದ್ದನೆಯದು ತಂದು ಹಾಕಬೇಕಾಯಿತು. ಕೊನೆಗೆ ಜೀಪನ್ನು ತನ್ನ ಭಾರದ ಮೇಲೆ ನೆಲಕ್ಕಿಳಿಸಿ, ಟಾರ್ಕ್ ರೆಂಚು ಹಿಡಿದು ಒಂದು ಬೋಲ್ಟಿಗಿಷ್ಟು, ಎದುರಿನದಕ್ಕಿಷ್ಟು ಎಂದು ಸರದಿಯಲ್ಲಿ ಬಿಗಿಯುತ್ತಾ ಬಂದ. ಟಿಕ್. ಕೈ ಇನ್ನೂ ಸ್ವಲ್ಪ ಎಳೆ ಎನ್ನುತ್ತಿತ್ತು. ಎಳೆಯಲಿಲ್ಲ.

ಮೂರನೇ ಗುರುವಾರ ಹಳ್ಳಕ್ಕಿಳಿದು, ಮೊದಲನೇ ಗೇರಿನಲ್ಲಿ ಬಂಡೆ ಹತ್ತಿದ. ಕೆಳಗಿನಿಂದ ಕರ್ರೆನ್ನುವ ಸದ್ದಿಗೆ ಹಲ್ಲು ಕಚ್ಚಿ ಕಾದ. ಬರಲಿಲ್ಲ. ಮುಂದಿನ ಗಾಲಿ ಇಳಿಯಿತು, ಹಿಂದಿನದೂ ಇಳಿಯಿತು. ಹಟ್ಟಿಯಲ್ಲಿ ಚಂದ್ರಲೇಖಾ ಜೀಪನ್ನು ಸುತ್ತು ಹಾಕಿ ನೋಡಿ, “ಇದೇನಣ್ಣಾ, ಬಂಡೆ ದಾಟಕ್ಕೆ ಎತ್ತರಿಸಿದ್ಯೋ, ನಾವು ಹತ್ಬಾರ್ದು ಅಂತ ಎತ್ತರಿಸಿದ್ಯೋ? ಮುಂದಿನ ಸಲ ಒಂದು ಮಣೆ ತಂದಾಕು” ಎಂದಳು. ಹನ್ನೊಂದು ಜನವೂ ಒಬ್ಬರನ್ನೊಬ್ಬರು ನೂಕಿಕೊಂಡು ಹತ್ತಿದರು. ಅವತ್ತು ಹೊತ್ತು ಮುಳುಗುವ ಮೊದಲೇ ಎಲ್ಲರೂ ಮನೆ ಸೇರಿದ್ದರು. ಟ್ರಾಕ್ಟರಿನ ಮಾತು ಮತ್ತೆ ಬರಲಿಲ್ಲ.

ಉಳಿದದ್ದು ಸುತ್ತಿಗೆ.

ಅದನ್ನು ಹೊಸ್ತಿಲ ಮೇಲಿಟ್ಟು ಬರುವುದು ಎಷ್ಟು ಹೊತ್ತಿನ ಕೆಲಸ? ಮುನಿವೆಂಕಟಪ್ಪನ ಮನೆ ಮೂರು ಬೀದಿ ಆಚೆಗಿದೆ. ಆದರೆ ಹೊಸ್ತಿಲವರೆಗೆ ಹೋದವನು ಸುಮ್ಮನೆ ಇಟ್ಟು ಬರುವಂತಿರಲಿಲ್ಲ, ಆಡಿದ ಮಾತಿಗೊಂದು ಮಾತು ಹೇಳಬೇಕಿತ್ತು. ಆ ಮಾತಿಗೆ ಆವುಲಪ್ಪನ ನಾಲಗೆ ಪಳಗಿರಲಿಲ್ಲ. ಒಂದು ಸಲ ಹೋದ, ಮನೆಯಲ್ಲಿ ನೆಂಟರಿದ್ದರು, ತಿರುಗಿ ಬಂದ. ಇನ್ನೊಂದು ಸಲ ದಾರಿಯಲ್ಲೇ ಮುದುಕ ಸಿಕ್ಕಿ, “ಏನ್ಲಾ, ಜೀಪು ಎತ್ತರ ಆಗೈತಂತೆ. ನೀನೂ ಏನಾದ್ರೂ ಆದೇನ್ಲಾ?” ಎಂದು ನಕ್ಕ. ತಮಾಷೆಗೇ ಅಂದದ್ದು. ಆವುಲಪ್ಪನ ಮೂಗಿನ ತುದಿ ಕೆಂಪಾಗಿ, ಸುತ್ತಿಗೆ ಜೀಪಿನ ಸೀಟಿನ ಕೆಳಗೇ ಉಳಿಯಿತು. ಮುಂದಿನ ವಾರ, ಸುಗ್ಗಿ ಮುಗಿಯಲಿ, ಮಳೆ ನಿಲ್ಲಲಿ ಎಂದು ಮುಂದೂಡಿದ. “ಕೊಟ್ಟು ಬಂದ್ಯಾ?” ಎಂದು ಕೇಳಿ ಕೇಳಿ ಅಂಜಮ್ಮನೂ ಕೇಳುವುದನ್ನು ಬಿಟ್ಟಳು.

ಕಾರ್ತಿಕದಲ್ಲಿ ಮುನಿವೆಂಕಟಪ್ಪ ಮಲಗಿದಲ್ಲೇ ಹೋದ.

ಹನ್ನೊಂದನೇ ದಿನ ಕಳೆದ ಮೇಲೆ ಆವುಲಪ್ಪ ಸುತ್ತಿಗೆಯನ್ನು ಟವೆಲಿನಲ್ಲಿ ಒರೆಸಿ ತೆಗೆದುಕೊಂಡು ಹೋಗಿ ಆ ಹೊಸ್ತಿಲ ಮೇಲೆ ಇಟ್ಟ. ರವಿಕುಮಾರ್ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದ. ಬಾಗಿಲ ಚೌಕಟ್ಟಿಗೆ ಒರಗಿ, ಬಗ್ಗಿ ಸುತ್ತಿಗೆ ಎತ್ತಿಕೊಂಡು, ಹಿಡಿಯನ್ನು ಸವರಿ ನೋಡಿದ.

“ಅಪ್ಪ ಇದ್ನ ಯಾರ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ನಿಂಗೆ ಕೊಟ್ಟಿದ್ನಾ? ಏನಂತ ಕೊಟ್ಟ ಆವುಲಣ್ಣಾ?”

ಆವುಲಪ್ಪ ಅವನ ಮುಖ ನೋಡಿದ. ಖಾಲಿಯಾಗಿ ಮಡಚಿ ಸಿಕ್ಕಿಸಿದ್ದ ಪಂಚೆಯ ಎಡಗಡೆಯನ್ನು ನೋಡಿದ.

“ಕಲ್ಲು ತಟ್ಟಿ ನೋಡಕ್ಕೆ” ಎಂದ.

ಮಿಕ್ಕಿದ್ದು ಬಾಯಲ್ಲೇ ಉಳಿಯಿತು. ಇವತ್ತಿಗೂ ಅಲ್ಲೇ ಇದೆ.